ಹೋಗಿ ಬರ್ರಿ

ಶಾಂತಲಾ ನ್ಯಾಮತಿಯ ಕಿರಾಣಿ ಅಂಗಡಿಯವರ ಮಗಳು. ಬೆಂಕಿಪೊಟ್ಟಣಕ್ಕೆ ಬಂದ ಚಿಳ್ಳೆಪಿಳ್ಳೆಗಳಿಗೂ 'ಬರ್ರಿ, ಏನು ಬೇಕ್ರಿ' ಎನ್ನದೆ ತಕ್ಕಡಿ ಮುಟ್ಟಬಾರದೆಂದು ಅವಳಪ್ಪ ಕಲಿಸಿದ್ದ. ಆ ಪಾಠ ನಾಲಿಗೆಗೆ ಎಷ್ಟು ಹತ್ತಿತ್ತೆಂದರೆ, ಸಂತೇಬೆನ್ನೂರಿನ ಗಿರಣಿ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಹಾಲಿನ ಪಾತ್ರೆಗೆ ಬಾಯಿ ಹಾಕಿದ ಬೆಕ್ಕಿಗೂ 'ಏಳ್ರಿ ಅತ್ಲಾಗೆ' ಎಂದುಬಿಟ್ಟಿದ್ದಳು. ಓರಗಿತ್ತಿ ಕೊಟ್ರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. 'ನ್ಯಾಮತಿಯೋರು ಬೆಕ್ಕಿಗೂ ಮರ್ಯಾದೆ ಕೊಡ್ತಾರೆ ನೋಡ್ರೀ' ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು.

ಮರ್ಯಾದೆ ಒಳ್ಳೆಯದೇ, ಬೇಡವೆಂದವರು ಯಾರು? ಆದರೆ ಅಭ್ಯಾಸವಾದ ಒಳ್ಳೆಯತನ ಯೋಚನೆ ಮಾಡಿ ಬಾಯಿಗೆ ಬರುವುದಿಲ್ಲ. ಅದು ತಾನಾಗಿ ಬರುತ್ತದೆ, ಬರಬಾರದ ಹೊತ್ತಿನಲ್ಲೂ ಬರುತ್ತದೆ.

ಮನೆಯಲ್ಲಿದ್ದವರು ಅಣ್ಣ ತಮ್ಮ ಇಬ್ಬರು, ಅವರ ಹೆಂಡತಿಯರು. ಅಣ್ಣ ಮುರುಗೇಶಪ್ಪ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ತಮ್ಮ ರೇಣುಕಪ್ರಸಾದ್, ಅಂದರೆ ಶಾಂತಲಾಳ ಗಂಡ, ಲಗೇಜ್ ಗಾಡಿ ಇಟ್ಟುಕೊಂಡು ಹೊನ್ನಾಳಿ, ದಾವಣಗೆರೆ ಎಂದು ತಿರುಗುತ್ತಿದ್ದ. ಶಾಂತಲಾಗೆ ಮಕ್ಕಳಾಗಲಿಲ್ಲ. ಕೊಟ್ರಮ್ಮನಿಗೂ ಬಹಳ ವರ್ಷ ಆಗಿರಲಿಲ್ಲ, ಆಮೇಲೆ ಒಂದು ಹೆಣ್ಣುಕೂಸು ಹುಟ್ಟಿತು. ಕಾವ್ಯಶ್ರೀ ಎಂದು ಹೆಸರಿಟ್ಟರು. ಬೇರೆ ಮನೆಯಾಗಿದ್ದರೆ ಓರಗಿತ್ತಿಯರ ನಡುವೆ ಅಷ್ಟಕ್ಕೇ ಕತ್ತಿ ಮಸೆದಿರುತ್ತಿತ್ತು. ಆದರೆ ಕೊಟ್ರಮ್ಮ ಬಾಣಂತಿ ಕೋಣೆಯಿಂದ ಹೊರಗೆ ಬಂದವಳೇ ಕೂಸನ್ನು ಶಾಂತಲಾಳ ತೊಡೆಯ ಮೇಲೆ ಹಾಕಿ, 'ಹೆರೋ ಕೆಲಸ ನಂದು ಮುಗೀತು, ಸಾಕೋದು ನಿಂದು' ಎಂದಿದ್ದಳು. ಆ ಮಾತಿಗಾಗಿ ಶಾಂತಲಾ ಅವಳಿಗೆ ಜೀವ ಬೇಕಾದರೂ ಕೊಡುತ್ತಿದ್ದಳು.

ಕೊಟ್ರಮ್ಮನ ತವರು ಜಗಳೂರಿನ ಕಡೆ. ಅವಳು ತವರಿಗೆ ಹೊರಟಾಗಲೆಲ್ಲ ಶಾಂತಲಾ ಬಸ್ ಸ್ಟ್ಯಾಂಡಿನವರೆಗೂ ಚೀಲ ಹಿಡಿದುಕೊಂಡು ಹೋಗುವಳು. ಬಸ್ಸು ಹೊರಡುವಾಗ ಕಿಟಕಿಗೆ ಕೈಹಾಕಿ, 'ಹೋಗಿ ಬರ್ರಿ ಅಕ್ಕ, ಜಲ್ದಿ ಬರ್ರಿ' ಎನ್ನುವಳು. ಕೊಟ್ರಮ್ಮ ಒಂದು ವಾರಕ್ಕೆಂದು ಹೋದವಳು ನಾಲ್ಕೇ ದಿನಕ್ಕೆ ವಾಪಸ್ಸು ಬರುವಳು. 'ನೀನು ಜಲ್ದಿ ಬಾ ಅಂದ್ಯಲ್ಲ, ಅಲ್ಲಿ ಕೂಳು ಸೇರಲಿಲ್ಲ ಕಣೇ' ಎನ್ನುವಳು.

ಹೋದ ವರ್ಷದ ಮಳೆಗಾಲದಲ್ಲಿ ಕೊಟ್ರಮ್ಮನಿಗೆ ಡೆಂಗಿ ಜ್ವರ ಬಂತು. ಮಾಮೂಲಿ ಜ್ವರ ಎಂದುಕೊಂಡು ಮಾತ್ರೆ ನುಂಗಿ ಗಿರಣಿಯಲ್ಲೇ ನಿಂತಿದ್ದಳು. ದಾವಣಗೆರೆಗೆ ಕರೆದುಕೊಂಡು ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಕೂಸು ಆಗಿನ್ನೂ ಗೋಡೆ ಹಿಡಿದು ನಡೆಯುತ್ತಿತ್ತು, ತೊದಲು ಮಾತು ಆಡುತ್ತಿತ್ತು.

ಅವರ ಪದ್ಧತಿಯಂತೆ ಕೊಟ್ರಮ್ಮನನ್ನು ಕೂರಿಸಿ ಮಣ್ಣು ಮಾಡಿದರು. ಗುಂಡಿಯೊಳಗೆ ಗೂಡು ತೆಗೆದು, ಪದ್ಮಾಸನ ಹಾಕಿಸಿ, ಎಡಗೈಯನ್ನು ಎದೆಯ ಮಟ್ಟಕ್ಕೆ ತಂದು ಅಂಗೈಯಲ್ಲಿ ಲಿಂಗವಿಟ್ಟರು. ಹಣೆಗೆ ವಿಭೂತಿ, ಮೈತುಂಬ ಪತ್ರೆ. ಒಬ್ಬೊಬ್ಬರಾಗಿ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು. ಊರೊಳಗೆಲ್ಲ ಕೆಮ್ಮಣ್ಣು, ರುದ್ರಭೂಮಿಯದು ಮಾತ್ರ ಕಪ್ಪನೆಯ ಎರೆಮಣ್ಣು. ಮಳೆಗೆ ನೆನೆದು ಅಂಟಾಗಿತ್ತು. ಹಾಕಿದ್ದೆಲ್ಲ ಕೂತವಳ ಮಡಿಲಿಗೇ ಬೀಳುತ್ತಿತ್ತು. ಶಾಂತಲಾಳ ಸರದಿ ಬಂತು. ಅತ್ತು ಅತ್ತು ಅವಳಿಗೆ ಎಲ್ಲಿದ್ದೇನೆ ಎಂಬ ಪರಿವೆಯೂ ಇರಲಿಲ್ಲ. ಹಿಡಿ ಮಣ್ಣು ಹಾಕಿ, ಬಗ್ಗಿ, ಆ ಮುಖ ನೋಡಿ ಅಂದಳು:

'ಹೋಗಿ ಬರ್ರಿ ಅಕ್ಕ. ಜಲ್ದಿ ಬರ್ರಿ.'

ಜನ ಅಳುವಿನ ಗದ್ದಲದಲ್ಲಿದ್ದರು. ಕೇಳಿಸಿದ್ದು ಎದುರುಮನೆಯ ಬೊಮ್ಮಕ್ಕನಿಗೆ ಮಾತ್ರ. ಬೀದಿಯಲ್ಲಿ ಹೆರಿಗೆಯಾದರೂ ಅವಳೇ, ಹೆಣದ ಮೈ ತೊಳೆಯಲೂ ಅವಳೇ. ಮುದುಕಿ ಶಾಂತಲಾಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. 'ಏನಂದ್ಯೇ?' ಎಂದು ಗದರಿದಳು. ಶಾಂತಲಾಳಿಗೆ ತಾನೇನು ಅಂದೆನೆಂದೇ ಗೊತ್ತಿರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ಬೊಮ್ಮಕ್ಕ ಮತ್ತೆ ಬಾಯಿ ಬಿಡಲಿಲ್ಲ.

ಶಿವಗಣಾರಾಧನೆ ಮುಗಿಯಿತು, ನೆಂಟರು ಚದುರಿದರು. ಮುರುಗೇಶಪ್ಪ ಮಂಕು ಹಿಡಿದವನ ಹಾಗೆ ಚೌಕದ ಕಟ್ಟೆಯ ಮೇಲೆ ದಿನ ಕಳೆಯತೊಡಗಿದ. ಗಿರಣಿ ಶಾಂತಲಾಳ ಪಾಲಿಗೆ ಬಂತು. ಬೀದಿಯ ಕಡೆಗೆ ಗಿರಣಿ, ಅದರ ಹಿಂದೆ ಚೀಲ ಪೇರಿಸುವ ಕೋಣೆ, ಅದರಾಚೆ ಮನೆ. ಮೆಷಿನ್ ತಿರುಗುತ್ತಿದ್ದರೆ ಪಕ್ಕದವರು ಕಿರುಚಿದರೂ ಕೇಳಿಸುವುದಿಲ್ಲ. ಕರೆಂಟು ಹೋದಾಗಲೇ ಮನೆಯ ಸದ್ದು ಕಿವಿಗೆ ಬೀಳುವುದು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಬೆಲ್ಟು ನಿಂತ ಮೇಲೆ ಚೀಲದ ಕೋಣೆಯಿಂದ ಕೂಸು ಕಿಲಕಿಲ ನಗುವುದು ಕೇಳಿಸಿತು. ತಾಯಿ ಹೋದ ಮೇಲೆ ಅದು ಹಾಗೆ ನಕ್ಕೇ ಇರಲಿಲ್ಲ. ಶಾಂತಲಾ ಸಂತೋಷದಿಂದ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಹೋದಳು. ಕೂಸು ಬಾಗಿಲಿಗೆ ಬೆನ್ನು ಹಾಕಿ ಕೂತಿತ್ತು.

'ಚಿಗವ್ವ, ಅವ್ವ ಕುಂತೈತೆ,' ಎಂದಿತು.

ಕೂತಿದ್ದಳು. ಎರಡು ರಾಗಿ ಚೀಲಗಳ ನಡುವೆ, ಗೋಡೆಗೆ ಬೆನ್ನು ಕೊಟ್ಟು, ಮಣ್ಣು ಮಾಡಿದಾಗ ಹೇಗೆ ಕೂರಿಸಿದ್ದರೋ ಹಾಗೆಯೇ. ಕಾಲು ಮಡಚಿ ಪದ್ಮಾಸನ. ಎಡಗೈ ಎದೆಯ ಮಟ್ಟಕ್ಕೆ. ವಿಭೂತಿ ಒದ್ದೆಯಾಗಿ ಹುಬ್ಬಿಗೆ ಇಳಿದಿತ್ತು. ಮಡಿಲ ತುಂಬ ಕಪ್ಪು ಮಣ್ಣು.

ಬೇರೆ ಯಾರಾದರೂ ಆಗಿದ್ದರೆ ಕಿಟಾರನೆ ಕಿರುಚಿಕೊಂಡು ಬೀದಿಗೆ ಓಡುತ್ತಿದ್ದರು. ಶಾಂತಲಾಳ ಕೈ ಸೆರಗನ್ನು ಹೆಗಲಿಗೆ ಎಳೆದುಕೊಂಡಿತು, ಬಾಯಿ ತಾನಾಗಿ ಆಡಿತು.

'ಯಾವಾಗ ಬಂದ್ರಿ ಅಕ್ಕ?'

ಕೊಟ್ರಮ್ಮನ ತುಟಿ ಬಿಚ್ಚಿತು. ಮೊದಲು ಮಣ್ಣು ಉದುರಿತು, ಆಮೇಲೆ ಮಾತು. 'ನೀನೇ ಜಲ್ದಿ ಬಾ ಅಂದ್ಯಲ್ಲ.'

ಕರೆಂಟು ಬಂತು. ಮೆಷಿನ್ ಗರ್ರೆಂದಿತು. ಚೀಲಗಳ ನಡುವೆ ಯಾರೂ ಇರಲಿಲ್ಲ. ಗೋಡೆಯ ಸುಣ್ಣದ ಮೇಲೆ ಕೂತವಳ ಬೆನ್ನಿನಷ್ಟಗಲ ತೇವವಿತ್ತು.

ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡ ನಂಬುತ್ತಿರಲಿಲ್ಲ, ಭಾವ ನಂಬಿಬಿಡುತ್ತಿದ್ದ. ಅವನು ನಂಬುವುದು ಇನ್ನೂ ಕೆಟ್ಟದ್ದು. ಜೊತೆಗೆ ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಹಿತವೂ ಆಗಿತ್ತು. ಮನೆ ತುಂಬ ಮಾತಾಡುತ್ತಿದ್ದ ಜೀವ ಅದು. ಸತ್ತ ಮೇಲಾದರೂ ಬಂತಲ್ಲ ಎನ್ನಿಸಿತು. ಮಾರನೆಯ ದಿನ ಕರೆಂಟು ಹೋಗುವುದನ್ನೇ ಕಾದಳು, ಒಂದು ತಟ್ಟೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿ ಇಟ್ಟಳು. ಕೊಟ್ರಮ್ಮ ಮುಟ್ಟಲಿಲ್ಲ. ಕೂಸಿನ ಕಡೆಗೇ ನೋಡುತ್ತಿದ್ದಳು.

ಹೀಗೆ ಶುರುವಾದದ್ದು ನಿಲ್ಲಲಿಲ್ಲ. ಕರೆಂಟು ಹೋದಾಗಲೆಲ್ಲ ಅವಳು ಬರುವಳು. ಬರುವುದು, ಹೋಗುವುದು, ನಡೆಯುವುದು ಯಾರ ಕಣ್ಣಿಗೂ ಬೀಳದು. ನೋಡಿದಾಗ ಕೂತೇ ಇರುವಳು. ಮೊದಲು ಚೀಲದ ಕೋಣೆಯಲ್ಲಿ, ಆಮೇಲೆ ಪಡಸಾಲೆಯ ಮೂಲೆಯಲ್ಲಿ, ಆಮೇಲೆ ದೇವರ ಕೋಣೆಯ ಹೊಸ್ತಿಲ ಬಳಿ. ಕೂತಲ್ಲೆಲ್ಲ ತೇವ ಉಳಿಯುವುದು. ಮನೆಯೊಳಗೆ ರುದ್ರಭೂಮಿಯ ಹಸಿ ವಾಸನೆ ತುಂಬಿತು. ರೇಣುಕಪ್ರಸಾದ್ ಗೋಡೆಗೆ ನೀರು ಇಳಿಯುತ್ತಿದೆ ಎಂದು ತಾರಸಿಗೆ ಸಿಮೆಂಟು ಬಳಿಸಿದ. ಪಾಪ, ಅವನಿಗೇನು ಗೊತ್ತು?

ಅಷ್ಟರಲ್ಲಿ ಕೂಸು ಊಟ ಬಿಟ್ಟಿತು. ಹಾಲು ಕೊಟ್ಟರೆ ಮುಖ ತಿರುಗಿಸುವುದು, ಅನ್ನ ಕಲೆಸಿ ಬಾಯಿಗಿಟ್ಟರೆ ಉಗುಳುವುದು. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಮುಂದಕ್ಕೆ ಬಂತು. ತುಟಿ ಬಿಳಿಚಿಕೊಂಡಿತು. ಆದರೆ ಅಳುತ್ತಿರಲಿಲ್ಲ. ಹೊಟ್ಟೆ ತುಂಬಿದ ಕೂಸಿನ ಹಾಗೆ ತೃಪ್ತಿಯಿಂದ ಮಲಗುತ್ತಿತ್ತು. ಚನ್ನಗಿರಿಯ ಡಾಕ್ಟರರು ಕಣ್ಣರೆಪ್ಪೆ ಎತ್ತಿ ನೋಡಿ, 'ಮಗು ಮಣ್ಣು ತಿಂತಾ ಇದೆಯಮ್ಮ, ರಕ್ತ ಕಡಿಮೆಯಾಗಿದೆ. ಮಣ್ಣು ಸಿಗದ ಹಾಗೆ ನೋಡ್ಕೊಳ್ಳಿ' ಎಂದು ಜಂತುಹುಳದ ಔಷಧಿ, ಟಾನಿಕ್ಕು ಬರೆದುಕೊಟ್ಟರು.

'ನಮ್ಮನೇಲಿ ಎಲ್ಲಾ ಟೈಲ್ಸ್ ಐತ್ರಿ. ಬೀದಿಗೂ ಹಿತ್ತಲಿಗೂ ಕಾಂಕ್ರೀಟ್ ಹಾಕವ್ರೆ. ಮಣ್ಣೆಲ್ಲಿಂದ ಬರ್ಬೇಕ್ರಿ?' ಎಂದು ಶಾಂತಲಾ ಕೇಳಿದಳು. ಕೇಳುತ್ತಲೇ ಅವಳಿಗೆ ಉತ್ತರ ಹೊಳೆಯಿತು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಲಗಿದ್ದ ಕೂಸಿನ ತುಟಿಯನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಹಾಲುಹಲ್ಲಿನ ಸಂದಿಯಲ್ಲಿ ಕಪ್ಪಗೆ ಎರೆಮಣ್ಣು.

ಅವತ್ತೇ ಸಂಜೆ ಕರೆಂಟು ಹೋಯಿತು. ಅವಳು ಗಿರಣಿಯಿಂದ ಓಡಿದಳು. ಪಡಸಾಲೆಯಲ್ಲಿ ಕೊಟ್ರಮ್ಮ ಕೂತಿದ್ದಳು, ಅವಳ ತೊಡೆಯ ಮೇಲೆ ಕೂಸು. ತಾಯಿ ಬಲಗೈಯಿಂದ ಮಡಿಲ ಮಣ್ಣನ್ನು ಹಿಸುಕಿ, ತುತ್ತು ಕಟ್ಟಿ, ಕೂಸಿನ ಬಾಯಿಗೆ ಇಡುತ್ತಿದ್ದಳು. ಅವಳು 'ಆ ಅನ್ನು' ಎಂದರೆ ಕೂಸು 'ಆ' ಎಂದು ಬಾಯಿ ತೆರೆಯುತ್ತಿತ್ತು.

'ಬ್ಯಾಡ್ರಿ ಅಕ್ಕ! ಅದನ್ನ ತಿನ್ನಿಸಬ್ಯಾಡ್ರಿ!'

ಕೊಟ್ರಮ್ಮ ತಲೆ ಎತ್ತಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕೆಡುಕಿರಲಿಲ್ಲ. ಇದ್ದದ್ದು ನಾಚಿಕೆ, ಬಡವರ ಮನೆಯ ತಾಯಿಗೆ ಬರುವಂಥದ್ದು. 'ನನ್ ಹತ್ರ ಇರಾದು ಇಷ್ಟೇ ಕಣೇ ಶಾಂತಲಾ,' ಎಂದಳು. 'ಎಲ್ರೂ ಒಂದೊಂದು ಹಿಡಿ ಕೊಟ್ರಲ್ಲ. ಅದ್ನೇ ತಿನ್ನಿಸ್ತಿದೀನಿ. ಹಸ್ಕಂಡಿತ್ತು.'

ಶಾಂತಲಾ ಕೂಸನ್ನು ಹಿಡಿದು ಎಳೆದಳು. ಕೊಟ್ರಮ್ಮನ ತೋಳು ಮರದ ಬೇರಿನಂತೆ ಬಿಗಿದುಕೊಂಡಿತು. ಮಂಜುಗಡ್ಡೆಯಷ್ಟು ತಣ್ಣಗಿತ್ತು. ಕರೆಂಟು ಬರುವವರೆಗೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಗಿರಣಿಗೆ ಬೀಗ ಹಾಕಿ, ಕೂಸನ್ನು ಸೊಂಟಕ್ಕೇರಿಸಿಕೊಂಡು ಬೊಮ್ಮಕ್ಕನ ಮನೆಗೆ ಹೋದಳು. ಮುದುಕಿ ಮೊರದಲ್ಲಿ ಅಲಸಂದೆ ಆರಿಸುತ್ತಿದ್ದಳು. ಕೂಸಿನ ಮುಖ ನೋಡಿದವಳೇ ಮೊರ ಪಕ್ಕಕ್ಕಿಟ್ಟಳು.

'ಬಂದಾಳೇನು?'

ಶಾಂತಲಾಗೆ ಅಳು ಒತ್ತರಿಸಿ ಬಂತು. ಎಲ್ಲ ಹೇಳಿದಳು.

'ಅವತ್ತು ಗುಂಡಿ ಹತ್ರ ಏನಂದೆ ಅಂತ ನೆನಪೈತಾ? ಹೋಗಿ ಬರ್ರಿ ಅಂದೆ. ಮಣ್ಣಿಗೆ ಹೋಗೋರಿಗೆ ಯಾರಾನ ಬರ್ರಿ ಅಂತಾರೇನೇ ಹುಚ್ಚಿ? ಸಾವಿನ ಮನೆಗೆ ಬಂದ ನೆಂಟ್ರು ಸೈತ ಬರ್ತೀನಿ ಅನ್ನದೆ ಸುಮ್ಕೆ ಎದ್ದು ಹೋಗ್ತಾರೆ. ಆ ಮನೇಲಿ ಬರೋ ಮಾತು ಆಡಬಾರ್ದು ಅಂತಾನೇ.'

'ಬಾಯಿತಪ್ಪಿ ಬಂತ್ರಿ.'

'ಬಾಯಿತಪ್ಪಿ ಕರೆದ್ರೂ ಕರೆದಂಗೇ. ಅದ್ರಾಗೆ ಕೊಟ್ರಮ್ಮ ನೀನು ಕರೆದ್ರೆ ತವರು ಬಿಟ್ಟು ಓಡಿ ಬರೋ ಹೆಣ್ಣು.' ಬೊಮ್ಮಕ್ಕ ಕೂಸಿನ ಹೊಟ್ಟೆ ಮುಟ್ಟಿ ನೋಡಿದಳು. ಗಟ್ಟಿಯಾಗಿತ್ತು. 'ಇನ್ನು ಬಾಳ ದಿನ ತಡಿಯಲ್ಲ ಇದು.'

'ಏನ್ ಮಾಡಾಕೆ ಬರ್ತೈತ್ರಿ? ಸ್ವಾಮಿಗಳ್ನ ಕರೆಸ್ಲಾ?'

'ಸ್ವಾಮಿಗಳು ಕರೆದಿದ್ರೆ ಸ್ವಾಮಿಗಳು ಕಳಿಸ್ತಿದ್ರು. ಕರೆದೋಳು ನೀನು. ಎದುರಿಗೆ ನಿಂತು ಹೋಗು ಅನ್ನು. ಬರೀ ಹೋಗು. ಹಿಂದೆ ಬಾ ಅನ್ನೋ ಬಾಲ ಅಂಟಿಸಬ್ಯಾಡ.'

ಶಾಂತಲಾ ಸಣ್ಣ ದನಿಯಲ್ಲಿ, 'ಕೊಟ್ರಕ್ಕಗೆ ಹೋಗು ಅಂತ ಹೆಂಗನ್ಲಿ? ಯಾವತ್ತೂ ಅಂದಿಲ್ಲ ನಾನು,' ಎಂದಳು.

ಬೊಮ್ಮಕ್ಕನಿಗೆ ಸಿಟ್ಟು ನೆತ್ತಿಗೇರಿತು. 'ಕೂಸು ಸಾಯಾಕೆ ಬಿದ್ದೈತೆ, ನಿಂಗೆ ಮರ್ಯಾದೆ ಚಿಂತೆ! ಒಬ್ಬಳಿಗೆ ಹೇಳೋ ಮಾತು ಒಬ್ಬಳಿಗೆ ಹೇಳಿದಂಗೆ ಹೇಳು. ಹೋಗು. ಅಷ್ಟೇ. ಕಲ್ತ್ಕ.'

ಅವಳು ಕಲಿಯಲು ಹೊರಟಳು. ನಗಬೇಡಿ, ಅದು ಅವಳಿಗೆ ಸುಲಭದ ಪಾಠವಾಗಿರಲಿಲ್ಲ. ರೊಟ್ಟಿ ತಟ್ಟುತ್ತ ಗ್ಯಾಸ್ ಸಿಲಿಂಡರಿಗೆ 'ಹೋಗು' ಎಂದಳು. ರಾಗಿ ಚೀಲಕ್ಕೆ ಎಂದಳು. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳದಂತೆ ಗಟ್ಟಿಯಾಗಿ ಕಿರುಚಿದಳು: ಹೋಗು, ಹೋಗು, ಹೋಗು. ಹಿಟ್ಟು ಹಾಕಿಸಲು ಬಂದ ಚಿಕ್ಕಹನುಮಂತಪ್ಪ ತನಗೇ ಅಂದಳೆಂದುಕೊಂಡು ಡಬ್ಬಿ ಎತ್ತಿಕೊಂಡು ಹೊರಟೇಬಿಟ್ಟ. 'ನಿಮ್ಗಲ್ರಿ, ಬರ್ರಿ' ಎಂದು ಅವನ ಹಿಂದೆ ಓಡಿ ಕರೆತರಬೇಕಾಯಿತು. ಕೊಟ್ರಮ್ಮ ಬದುಕಿದ್ದಿದ್ದರೆ ಈ ಕತೆ ಹೇಳಿಕೊಂಡು ಒಂದು ತಿಂಗಳು ನಗುತ್ತಿದ್ದಳು ಎಂದು ನೆನಪಾಗಿ, ಶಾಂತಲಾ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಮೂರು ದಿನ ಕರೆಂಟು ಹೋಗಲೇ ಇಲ್ಲ. ಕೂಸು ಬಾಗಿಲು ನೋಡುತ್ತ ಮಲಗಿತ್ತು. ಒಂದು ಚಮಚ ಗಂಜಿ ಕೂಡ ಒಳಗೆ ಇಳಿಯಲಿಲ್ಲ. 'ಅವ್ವ ಬತ್ತೈತೆ' ಎಂದು ಆಗಾಗ ಹೇಳುತ್ತಿತ್ತು.

ನಾಲ್ಕನೆಯ ದಿನ, ಬಿಸಿಲು ಕಾದಿದ್ದ ಹೊತ್ತು, ಗಿರಣಿಯ ಮುಂದೆ ಆರೇಳು ಜನ ನಿಂತಿದ್ದಾಗ ಮೆಷಿನ್ ನಿಂತಿತು. ಶಾಂತಲಾ ಒಳಗೆ ಬಂದಳು. ಮಲಗಿಸಿದ ಜಾಗದಲ್ಲಿ ಕೂಸಿರಲಿಲ್ಲ.

ಅಡುಗೆಮನೆಯಲ್ಲಿ, ಒಲೆಯ ಕಟ್ಟೆಯ ಕೆಳಗೆ, ಕೊಟ್ರಮ್ಮ ಬದುಕಿದ್ದಾಗ ತರಕಾರಿ ಹೆಚ್ಚಲು ಕೂರುತ್ತಿದ್ದ ಕಡೆಯಲ್ಲೇ ಕೂತಿದ್ದಳು. ಕೂಸು ಅವಳ ಮಡಿಲಲ್ಲಿ ಮುಳುಗಿದ ಹಾಗೆ ಮಣ್ಣಿನೊಳಗೆ ಸೊಂಟದವರೆಗೂ ಕೂತಿತ್ತು. ಬಾಯಿ ಆಡುತ್ತಿತ್ತು. ಹಿತ್ತಲ ಬಾಗಿಲಿನಿಂದ ಬಿಸಿಲು ನೇರವಾಗಿ ಇಬ್ಬರ ಮೇಲೂ ಬಿದ್ದಿತ್ತು. ಇಬ್ಬರ ಮುಖದ ಬಣ್ಣ ಒಂದೇ ಆಗಿರುವುದನ್ನು ಶಾಂತಲಾ ಆಗ ನೋಡಿದಳು.

ಎದೆ ಗಟ್ಟಿ ಮಾಡಿಕೊಂಡು ಎದುರಿಗೆ ನಿಂತಳು. ಮಾತು ನಾಲಿಗೆಯ ತುದಿಯಲ್ಲಿತ್ತು. ಹೋಗು. ಎರಡೇ ಅಕ್ಷರ.

ಕೊಟ್ರಮ್ಮ ಮುಖ ಎತ್ತಿ ಕೇಳಿದಳು. 'ಉಂಡ್ಯಾ ಶಾಂತಲಾ?'

ಎಷ್ಟೋ ವರ್ಷದಿಂದ ಇದೇ ಅಡುಗೆಮನೆಯಲ್ಲಿ, ಇದೇ ಹೊತ್ತಿನಲ್ಲಿ, ದಿನಾ ಕೇಳುತ್ತಿದ್ದ ಮಾತು ಅದು. ಶಾಂತಲಾ ಬೆಳಗಿನಿಂದ ನೀರು ಕೂಡ ಮುಟ್ಟಿರಲಿಲ್ಲ.

'ಇಲ್ರಿ ಅಕ್ಕ,' ಎಂದಳು.

'ಯಾಕೆ ಹಿಂಗ್ ಸೊರಗಿದೀಯ? ಮಗೀನ ನಾನು ನೋಡ್ಕತೀನಿ, ನೀನು ಒಂದು ರೊಟ್ಟಿ ತಿನ್ನು ಹೋಗು.'

ಸತ್ತವಳು ಎಷ್ಟು ಸಲೀಸಾಗಿ ಅಂದಳು 'ಹೋಗು' ಎಂಬ ಆ ಮಾತನ್ನು! ಶಾಂತಲಾಳ ಗಟ್ಟಿಮಾಡಿಕೊಂಡ ಎದೆ ಒಡೆದುಹೋಯಿತು. ಆ ದನಿಯಲ್ಲಿ ಇದ್ದ ಪ್ರೀತಿ ಅವಳಿಗೆ ಇನ್ನಾರಿಂದಲೂ ಸಿಕ್ಕಿರಲಿಲ್ಲ, ಹೆತ್ತವರಿಂದಲೂ. ಅವಳು ಎರಡೂ ಕೈ ಮುಗಿದಳು. ಕಣ್ಣೀರು ಮೂಗಿಗೆ ಇಳಿಯಿತು. ಇನ್ನು ತಡ ಮಾಡಿದರೆ ಕೂಸು ಉಳಿಯುವುದಿಲ್ಲ ಎನ್ನುವುದೊಂದೇ ತಲೆಯಲ್ಲಿತ್ತು.

'ಹೋಗ್ರಿ ಅಕ್ಕ,' ಎಂದಳು. 'ನಿಮ್ ಕಾಲಿಗೆ ಬೀಳ್ತೀನಿ, ಹೋಗ್ರಿ.'

ಬಾಲ ಅಂಟಿಸಲಿಲ್ಲ. ಬಾ ಎನ್ನಲಿಲ್ಲ. ಬೊಮ್ಮಕ್ಕ ಹೇಳಿದ್ದರಲ್ಲಿ ಅಷ್ಟನ್ನು ಸರಿಯಾಗಿಯೇ ಮಾಡಿದಳು.

ಕೊಟ್ರಮ್ಮನ ಮುಖ ಒಂದು ಕ್ಷಣ ಬಾಡಿತು. ಆಮೇಲೆ ಅವಳು ಕೆಳಗೆ ಬಗ್ಗಿ ಕೂಸಿನ ಕಡೆ ನೋಡಿದಳು. ಮೆಲ್ಲಗೆ ಮುಖ ಅರಳಿತು.

'ಇಬ್ರಿಗೂ ಹೇಳ್ತಿದೀಯಾ?' ಎಂದಳು. 'ನಾನೊಬ್ಳೇ ಹೋಗ್ಬೇಕೇನೋ ಅಂತ ಹೆದ್ರಿದ್ದೆ ಕಣೇ. ನಿನ್ ಮನಸ್ಸು ದೊಡ್ದು.'

ಅವಳು ಎದ್ದು ನಿಂತಳು. ಸತ್ತ ಮೇಲೆ ಮೊದಲ ಸಲ ಎದ್ದು ನಿಂತಳು. ಮಡಿಲಿನಲ್ಲಿ ಒಂದು ಹಿಡಿ ಮಣ್ಣೂ ಉಳಿದಿರಲಿಲ್ಲ. ಬೆರಳು ಚಾಚಿದಳು. ಕೂಸು ಆ ಬೆರಳು ಹಿಡಿದು ಎದ್ದಿತು, ಪುಟಪುಟ ಹೆಜ್ಜೆ ಹಾಕಿತು. ಇಬ್ಬರೂ ಹಿತ್ತಲ ಬಾಗಿಲು ದಾಟಿ ಬಿಸಿಲಿಗೆ ಇಳಿದರು.

'ಅವಳಿಗಲ್ರಿ!' ಶಾಂತಲಾ ಕಿರುಚಿದಳು. 'ನಿಮ್ಗೊಬ್ರಿಗೇ ಅಂದಿದ್ದು! ಅಕ್ಕ, ನಿಮ್ಗೊಬ್ರಿಗೇ!'

ಹಿತ್ತಲಿನಲ್ಲಿ ಒಗೆದು ಹಾಕಿದ ಬಟ್ಟೆಗಳಷ್ಟೇ ಇದ್ದವು. ಅವಳು ತಿರುಗಿ ನೋಡಿದಳು. ಒಲೆಯ ಕಟ್ಟೆಯ ಕೆಳಗೆ ಕೂಸು ಕೂತೇ ಇತ್ತು. ಅಯ್ಯೋ ಇಲ್ಲೇ ಇದೆಯಲ್ಲ, ಎಲ್ಲೂ ಹೋಗಿಲ್ಲವಲ್ಲ ಎಂದು ಅವಳಿಗೆ ಹೋದ ಜೀವ ಮರಳಿ ಬಂದಂತಾಯಿತು. ಓಡಿ ಹೋಗಿ ಎತ್ತಿಕೊಂಡಳು. ಎತ್ತಿದರೂ ಕಾಲು ಬಿಚ್ಚಲಿಲ್ಲ. ಪದ್ಮಾಸನ ಹಾಕಿದ್ದ ಪುಟ್ಟ ಕಾಲುಗಳು ಹಾಗೆಯೇ ಮಡಚಿಕೊಂಡಿದ್ದವು. ಬೆನ್ನು ನೆಟ್ಟಗಿತ್ತು, ಎಡಗೈ ಎದೆಯ ಮಟ್ಟದಲ್ಲಿತ್ತು. ಮೂಗಿನ ಹತ್ತಿರ ಕೆನ್ನೆಯಿಟ್ಟು ನೋಡಿದಳು. ಉಸಿರಿರಲಿಲ್ಲ.

ಕರೆಂಟು ಬಂತು. ಮೆಷಿನ್ ಗರ್ರೆಂದಿತು. ಹೊರಗೆ ಜನ ಅವಳನ್ನು ಕೂಗುತ್ತಿದ್ದರು. ಅವಳು ಗೋಡೆಗೆ ಒರಗಿ ಕುಸಿದು, ಕೂಸನ್ನು ಎದೆಗೆ ಒತ್ತಿಕೊಂಡು, ಅದರ ಕಿವಿಯ ಹತ್ತಿರ ಬಾಯಿ ತಂದಳು. ಕರೆಯಬೇಕು. ಹೆಸರು ಹಿಡಿದು ಒಂದು ಸಲ ಬಾ ಎಂದರೆ ಸಾಕು, ಕಾವ್ಯಶ್ರೀ ಬರುತ್ತಾಳೆ. ಶಾಂತಲಾಗೆ ಅದು ಗೊತ್ತಿತ್ತು. ಹೇಗೆ ಬರುತ್ತಾಳೆ, ಬಂದು ಎಲ್ಲೆಲ್ಲಿ ಕೂರುತ್ತಾಳೆ ಎಂಬುದೂ ಗೊತ್ತಿತ್ತು. ಮಾತು ಗಂಟಲಿನಿಂದ ಮೇಲೆ ಬರುತ್ತಿತ್ತು. ಅವಳು ಸೆರಗನ್ನು ಮುದ್ದೆ ಮಾಡಿ ತನ್ನ ಬಾಯಿಗೆ ತುರುಕಿಕೊಂಡಳು, ಎರಡೂ ದವಡೆ ಬಿಗಿಹಿಡಿದು ಕೂತಳು.